ಟ್ಯೂಬ್ ತಂದು ತೋರಿಸಿ, ಆಮೇಲೆ ಸಂಘದ ಮಾತು

ಮಳೆ ಹಿಡಿದರೆ ಸಾಕು, ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಹುಳಕಡ್ಡಿಯದ್ದೇ. ಈ ಸಲ ಅದಕ್ಕೊಂದು ಬಾಲವೂ ಸೇರಿದೆ.

ಪ್ರಶ್ನೆ: ಮೊದಲು ಹುಳಕಡ್ಡಿ ಹದಿನೈದು ದಿನದಲ್ಲಿ ಹೋಗುತ್ತಿತ್ತು. ಈಗ ಆರು ತಿಂಗಳಾಯ್ತು, ಮನೆಮಂದಿಗೆಲ್ಲ ಹಬ್ಬಿದೆ. ಚರ್ಮದ ಡಾಕ್ಟರರ ಸಂಘ ಸಂಶೋಧನೆ ಮಾಡಿಸುತ್ತದಂತೆ. ಸಮ್ಮೇಳನದ ಊಟ ಬಿಟ್ಟರೆ ಅದರಿಂದ ನಮಗೇನು ಲಾಭ? (ಕುಮಟಾ)

ಉತ್ತರ: ಊಟ ಇರುತ್ತದೆ, ಔಷಧ ಕಂಪನಿಗಳ ಮಳಿಗೆಯೂ ಇರುತ್ತದೆ. ಮುಚ್ಚಿಡುವುದೇನಿದೆ?

ನಮ್ಮ ಸಂಘದ ಹೆಸರು ಐಎಡಿವಿಎಲ್, ಅಂದರೆ ದೇಶದ ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ತಜ್ಞರ ಸಂಘ. ಎರಡು ಹಳೆಯ ಸಂಘಗಳು ಸೇರಿ 1973ರಲ್ಲಿ ಆದದ್ದು. ಅದು ಎಂ.ಡಿ. ವಿದ್ಯಾರ್ಥಿಗಳ ಥೀಸಿಸ್‌ಗೆ ಒಂದಿಷ್ಟು ದುಡ್ಡು ಕೊಡುತ್ತದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಪತ್ರಿಕೆ ತರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ಊರಿನ ಡಾಕ್ಟರರನ್ನು ಒಟ್ಟಿಗೆ ಕೂರಿಸುತ್ತದೆ. ನಾನೊಬ್ಬ ಕಾರವಾರದಲ್ಲಿ ಕೂತು ‘ಹುಳಕಡ್ಡಿ ಯಾಕೋ ಬದಲಾಗಿದೆ’ ಅಂದರೆ ಅದು ಹರಟೆ. ಹತ್ತು ಊರಿನಲ್ಲಿ ಒಂದೇ ಪ್ರಶ್ನೆ ಕೇಳಿ ಎಣಿಸಿದರೆ ಅದು ಲೆಕ್ಕ.

ಅಂಥದ್ದೊಂದು ಲೆಕ್ಕ 2011ರಲ್ಲಿ ಸಂಘದ ಪತ್ರಿಕೆಯಲ್ಲಿ ಬಂತು. ಮುಖದ ಚರ್ಮದ ತೊಂದರೆ ಅಂತ ಬಂದ 2926 ಜನರನ್ನು ವಿಚಾರಿಸಿದರೆ 433 ಮಂದಿ ತುರಿಕೆ, ಕೆಂಪು ಅಡಗಿಸುವ ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತಿದ್ದರು. ಆಮೇಲೆ ಸಂಘ ಈ ಕ್ರೀಮ್‌ಗಳ ದುರ್ಬಳಕೆ ತಡೆಯಲೆಂದೇ ಒಂದು ಕಾರ್ಯಪಡೆ ಮಾಡಿತು. 2018ರಲ್ಲಿ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದಿತು. ಕಾಗದದ ಮೇಲೆ. ಅಂಗಡಿಯಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂದು ನೋಡಿ, ಕೊಡುತ್ತಾರೆ.

ಹುಳಕಡ್ಡಿಗೆ ಆ ಕ್ರೀಮ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ, ಕೆಂಪು ಎರಡೂ ಇಳಿಯುತ್ತವೆ. ಆದರೆ ಹುಳಕಡ್ಡಿ ತರುವ ಬೂಷ್ಟು ಸಾಯುವುದಿಲ್ಲ. ಚರ್ಮದ ಕಾವಲು ಮಲಗಿದ್ದರಿಂದ ಸುಮ್ನೆ ಹರಡುತ್ತದೆ. ಬಿಟ್ಟರೆ ಮತ್ತೆ ಜೋರಾಗುತ್ತದೆ, ನೀವು ಮತ್ತೆ ಹಚ್ಚುತ್ತೀರಿ.

ಅದರ ಜೊತೆಗೆ ಬೂಷ್ಟಿನ ತಳಿಯೇ ಬೇರೆಯಾಗಿದೆ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಕಂಡ ತಳಿಗೆ 2020ರಲ್ಲಿ ಜಪಾನಿನವರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೀಗೂ ಮೆರೆಯಿತು! ಹುಳಕಡ್ಡಿಗೆ ಕೊಡುವ ಟರ್ಬಿನಾಫಿನ್ ಮಾತ್ರೆ ಬೂಷ್ಟಿನ ಒಂದು ಕಿಣ್ವವನ್ನು ಕಟ್ಟಿಹಾಕಿ ಅದನ್ನು ಕೊಲ್ಲುತ್ತದೆ. ಈ ತಳಿಯಲ್ಲಿ ಎಷ್ಟೋ ಸಲ ಆ ಕಿಣ್ವದ ಜೀನೇ ಬದಲಾಗಿರುತ್ತದೆ. ನುಂಗಿದ ಮಾತ್ರೆ ದಂಡ.

ಇದೆಲ್ಲ ಗೊತ್ತಾದದ್ದು ರೋಗಿಗಳ ಚರ್ಮದ ಹೊಟ್ಟಿನಿಂದ. ಮಚ್ಚೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯುತ್ತೇವೆ. ತೌಡಿನಂಥ ಹುಡಿ ಗಾಜಿನ ಮೇಲೆ ಬೀಳುತ್ತದೆ. ಒಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಕವಲೊಡೆದ ಬಳ್ಳಿ ಕಾಣುತ್ತದೆ. ಎರಡು ನಿಮಿಷದ ಕೆಲಸ, ನೋವಿಲ್ಲ. ಅದಕ್ಕೂ ‘ಬೇಡ ಡಾಕ್ಟ್ರೇ, ಬೋಟಿಗೆ ಹೊತ್ತಾಯ್ತು’ ಅಂತ ಎದ್ದು ಹೋಗುವವರಿದ್ದಾರೆ. ಸಂಘ ಏನು ಮಾಡುತ್ತದೆ ಅಂತ ಆಮೇಲೆ ಕೇಳುವವರೂ ಅವರೇ.

ನೀವು ಬರುವಾಗ ಇಷ್ಟು ದಿನ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ತನ್ನಿ, ಹಿಂಡಿ ಚಪ್ಪಟೆಯಾಗಿದ್ದರೂ ಸರಿ. ‘ಬಿಳಿ ಕ್ರೀಮು, ಹಸಿರು ಡಬ್ಬಿ’ ಅಂದರೆ ನನಗೇನೂ ತಿಳಿಯುವುದಿಲ್ಲ. ಮನೆಮಂದಿಯನ್ನೂ ಒಟ್ಟಿಗೆ ಕರೆತನ್ನಿ.

ಪ್ರಶ್ನೆ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಯೇ? (ಅಂಕೋಲಾ)

ಉತ್ತರ: ಇಲ್ಲ. ಬರುವ ವರ್ಷ ಇದನ್ನೇ ಮತ್ತೆ ಕೇಳಬೇಡಿ.

ಪ್ರಶ್ನೆ: ಸರ್ಪಸುತ್ತಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯವಂತೆ. ಮಂತ್ರ ಹಾಕಿಸಿ ಕೆಮ್ಮಣ್ಣು ಹಚ್ಚಿದ್ದೇವೆ. (ಸಿದ್ದಾಪುರ)

ಉತ್ತರ: ಅದು ವೈರಸ್, ನರದ ಗುಂಟ ಬರುತ್ತದೆ, ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಕಣ್ಣಿನ ಹತ್ತಿರ ಎದ್ದಿದ್ದರೆ ಇವತ್ತೇ ಹೊರಡಿ.

ಪ್ರಶ್ನೆ: ಶಿರಸಿಯಿಂದ ಬರುವುದು ದೂರ. ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಸಾಕಲ್ವಾ?

ಉತ್ತರ: ಫೋಟೊ ಕೆರೆದರೆ ಹೊಟ್ಟು ಬರುವುದಿಲ್ಲ.