ಮೂಟೆ ಎತ್ತಿದಾಗ ಕಣ್ಣು ಕತ್ತಲೆ ಬರುವುದು ಯಾಕೆ?

ಅಡಿಕೆ ಮೂಟೆ ಎತ್ತಿ ಇಳಿಸಿದ ಕೂಡಲೇ ತಲೆ ತಿರುಗುತ್ತದೆ ಅಂತ ಬರೆದಿದ್ದೀರಿ, ಜೊತೆಗೆ ಕಾಲಿನ ರಕ್ತ ಹೃದಯಕ್ಕೆ ವಾಪಸ್ ಹತ್ತುವುದು ಹೇಗೆ ಅಂತಲೂ ಕೇಳಿದ್ದೀರಿ. ಎರಡಕ್ಕೂ ಬೇರು ಒಂದೇ. ಶಿವಮೊಗ್ಗದಲ್ಲಿ ನರ್ಸಿಂಗ್ ಮಕ್ಕಳಿಗೆ ಇದನ್ನೇ ಪಾಠ ಮಾಡುವವಳು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಹೃದಯ ರಕ್ತವನ್ನು ತಳ್ಳುತ್ತದೆ, ಸರಿ. ಆದರೆ ಆ ಒತ್ತಡ ಕೂದಲಿಗಿಂತ ಸಣ್ಣ ನಾಳಗಳನ್ನು ದಾಟುವಷ್ಟರಲ್ಲೇ ಬಹುಪಾಲು ಖರ್ಚಾಗಿ ಹೋಗುತ್ತದೆ. ತೋಳಲ್ಲಿ 120 ತೋರಿಸುವ ಬಿಪಿ, ರಕ್ತ ವಾಪಸ್ ಬಂದು ಸೇರುವ ಹೃದಯದ ಬಲಗಡೆಯ ಮೇಲ್ಕೋಣೆಯಲ್ಲಿ ಬರೀ 0ರಿಂದ 5. ಅಲ್ಲಿಗೆ ಉಸಿರಿನ ಸಹಾಯ ಬೇಕು.

ಉಸಿರು ಎಳೆದಾಗ ವಪೆ, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಕೆಳಗಿಳಿಯುತ್ತದೆ. ಎದೆಯೊಳಗೆ ಒತ್ತಡ ಕಮ್ಮಿ, ಹೊಟ್ಟೆಯೊಳಗೆ ಜಾಸ್ತಿ. ಹೊಟ್ಟೆಯ ದೊಡ್ಡ ನಾಳದಲ್ಲಿದ್ದ ರಕ್ತ ಎದೆಗೆ ನುಗ್ಗುತ್ತದೆ, ಕಾಲಿನ ಕಡೆ ಹಿಂದೆ ಹೋಗದ ಹಾಗೆ ಕಾಲಿನ ನಾಳಗಳಲ್ಲಿ ಕವಾಟಗಳು ತಡೆಯುತ್ತವೆ. ಹೃದಯವೂ ಸುಮ್ನೆ ತಳ್ಳುತ್ತಾ ಕೂರುವುದಿಲ್ಲ. ಕೆಳಕೋಣೆ ಹಿಂಡಿಕೊಳ್ಳುವಾಗ ಮೇಲ್ಕೋಣೆಯ ತಳವನ್ನು ಕೆಳಕ್ಕೆ ಎಳೆಯುತ್ತದೆ, ಮೇಲ್ಕೋಣೆ ಹಿಗ್ಗಿ ರಕ್ತ ಹೀರಿಕೊಳ್ಳುತ್ತದೆ. ಅಂದರೆ ಒಂದೇ ಬಡಿತದಲ್ಲಿ ಆಚೆ ಕಳಿಸುವುದು, ಈಚೆ ಎಳೆದುಕೊಳ್ಳುವುದು ಎರಡೂ ಆಗುತ್ತದೆ! ನನಗಂತೂ ಇಡೀ ಪಾಠದಲ್ಲಿ ಇದೇ ಇಷ್ಟ.

ನೋಡಬೇಕಾ? ತೆಳ್ಳಗಿನವರೊಬ್ಬರನ್ನು ದಿಂಬಿಗೆ ಒರಗಿಸಿ ಕೂರಿಸಿ, ಕತ್ತು ಸ್ವಲ್ಪ ಓರೆ ಮಾಡಿಸಿ. ಕತ್ತಿನ ನಾಳ ತುಂಬಿ ಕಂಡರೆ, ಉಸಿರು ಎಳೆದಾಗ ಅದು ಕುಗ್ಗುತ್ತದೆ.

ಈಗ ನಿಮ್ಮ ಮೂಟೆ. ಉಸಿರು ಬಿಗಿಹಿಡಿದು ತಿಣುಕಿ ಎತ್ತುತ್ತೀರಿ ಅಲ್ವಾ? ಎದೆಯೊಳಗೆ ಒತ್ತಡ ಏರುತ್ತದೆ, ಬರುವ ರಕ್ತ ಹೊರಗೇ ನಿಲ್ಲುತ್ತದೆ. ಒಳಗೆ ಬರುವುದೇ ಕಮ್ಮಿಯಾದರೆ ಮಿದುಳಿಗೆ ಕಳಿಸುವುದಾದರೂ ಏನನ್ನು? ಉಸಿರು ಬಿಟ್ಟ ಗಳಿಗೆಯಲ್ಲಿ ಬಿಪಿ ಇನ್ನಷ್ಟು ಕುಸಿದು ಆಮೇಲೆ ಏರುತ್ತದೆ, ಕತ್ತಲೆ ಬರುವುದು ಅಷ್ಟರಲ್ಲೇ. ಮಂಡಿಯ ಹಮಾಲರು 'ಐಸಾ' ಅಂತ ಕೂಗಿ ಎತ್ತುತ್ತಾರಲ್ಲ, ಕೂಗುವಾಗ ಉಸಿರು ಹೊರಗೆ ಹೋಗುತ್ತದೆ. ನೀವೂ ಎತ್ತುವಾಗ ಉಸಿರು ಬಿಡುತ್ತಾ ಎತ್ತಿ.

ಕೊಡಚಾದ್ರಿ ಹತ್ತಿ ಗಕ್ಕನೆ ನಿಂತರೂ ಹೀಗಾಗಬಹುದು. ನಡೆಯುವಾಗ ಮೀನಖಂಡ ಕಾಲಿನ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಅದು ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ. ಮೆಲ್ಲಗೆ ಅಡ್ಡಾಡಿ. ಭಾರ ಎತ್ತದೆಯೂ ತಲೆ ತಿರುಗಿದರೆ, ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಡಾಕ್ಟರ್ ಹತ್ತಿರ ಹೋಗಿ, ಇಲ್ಲಿ ಕೇಳುತ್ತಾ ಕೂರಬೇಡಿ.