ಮುಪ್ಪು ತಡೆಯುವ ಮಾತ್ರೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಮನುಷ್ಯರ ಆಯಸ್ಸು ಹೆಚ್ಚಿಸುತ್ತದೆ ಅಂತ ಸಾಬೀತಾದ ಇಂಥ ಮಾತ್ರೆ ಇದುವರೆಗೆ ಒಂದೂ ಇಲ್ಲ. ಡಬ್ಬಿಯ ಮೇಲೆ 'ವೈಜ್ಞಾನಿಕವಾಗಿ ಸಾಬೀತು' ಅಂತ ಕಂಡರೆ ಮೊದಲು ಕೇಳಿ: ಯಾರ ಮೇಲೆ? ಇಲಿಯ ಮೇಲಾ, ಮನುಷ್ಯರ ಮೇಲಾ?

ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಅನ್ನುವ ವಸ್ತುವನ್ನೇ ನೋಡಿ. ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳು ಇದರಿಂದ ಜಾಸ್ತಿ ದಿನ ಬದುಕಿದವು ಅಂತ 2006ರಲ್ಲಿ ವರದಿ ಬಂದಾಗ ಜನ ಅದರ ಹಿಂದೆ ಬಿದ್ದರು, ಆದರೆ ಮಾಮೂಲಿ ಆಹಾರ ತಿನ್ನುವ ಇಲಿಗಳಿಗೆ ಕೊಟ್ಟು ನೋಡಿದರೆ ಆಯಸ್ಸು ಹೆಚ್ಚಲಿಲ್ಲ. ಮುಪ್ಪು ತಡೆಯುತ್ತದೆ ಅಂತ ಮಾರುವ ಇನ್ನೊಂದು ಮಾತ್ರೆ ಎನ್‌ಎಂಎನ್. ಅದನ್ನು ತಗೊಂಡರೆ ರಕ್ತದಲ್ಲಿ ಎನ್‌ಎಡಿ (ಜೀವಕೋಶಗಳು ಶಕ್ತಿ ತಯಾರಿಸಲು ಬಳಸುವ ವಸ್ತು) ಮಟ್ಟ ಏರುತ್ತದೆ, ಅದು ನಿಜ. ಆದರೆ ರಕ್ತಪರೀಕ್ಷೆಯಲ್ಲಿ ಒಂದು ಅಂಕಿ ಏರುವುದು ಬೇರೆ, ಮುಪ್ಪು ನಿಧಾನವಾಗುವುದು ಬೇರೆ ಅಲ್ವಾ?

'ಸುಮ್ನೆ ತಗೊಂಡರೆ ನಷ್ಟವೇನು' ಅನ್ನುವ ಮಾತೇ ನನಗೆ ಜಾಸ್ತಿ ಭಯ ಹುಟ್ಟಿಸುವುದು. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಕ್ಯಾನ್ಸರ್ ತಡೆಯಬಹುದು ಅನ್ನುವ ನಂಬಿಕೆಯಿಂದ ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂತು. ಅದನ್ನು ತಗೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ!

ಬಿ12 ಅಥವಾ ವಿಟಮಿನ್ ಡಿ ಕಡಿಮೆ ಇದೆ ಅಂತ ಡಾಕ್ಟರ್ ಬರೆದುಕೊಟ್ಟರೆ ಖಂಡಿತ ತಗೊಳ್ಳಿ, ಅದು ಕೊರತೆ ತುಂಬುವ ಕೆಲಸ.