ವಿಷಗ್ರಂಥಿಯೇ ಇಲ್ಲದ ಜೇಡ

ಪ್ರಶ್ನೆ: ಹೂಕುಂಡಗಳ ನಡುವೆ ಅಡ್ಡಲಾಗಿ ಬಲೆ ಕಟ್ಟಿರುವ ಸಣ್ಣ ಕಂದು ಜೇಡ ಯುಲೊಬೊರಿಡೆ ಕುಟುಂಬದ್ದೆಂದು ತಿಳಿಯಿತು. ವಿಷವಿಲ್ಲದ ಜೇಡ ಇರಲು ಸಾಧ್ಯವೆ? ಔಷಧ ಸಿಂಪಡಿಸಿ ಕೊಲ್ಲಲೆ?

ಉತ್ತರ: ಕೊಲ್ಲಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮೇಲಿಂದ ಮೇಲೆ ಬರುತ್ತಿರುವುದರಿಂದ ಈ ಸಲ ದೀರ್ಘವಾಗಿಯೇ ಉತ್ತರಿಸುತ್ತೇನೆ. ಬಹುಪಾಲು ಜೇಡಗಳಿಗೆ ವಿಷಗ್ರಂಥಿ ಇರುವುದು ನಿಜ. ಆದರೆ ಸುಮಾರು 300 ಪ್ರಭೇದಗಳ ಈ ಕುಟುಂಬವು ವಿಕಾಸದ ಹಾದಿಯಲ್ಲಿ ಅದನ್ನು ಕಳೆದುಕೊಂಡು, ಬೇಟೆಯ ಭಾರವನ್ನೆಲ್ಲ ನೂಲಿನ ಮೇಲೆ ಹೊರಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ ಈ ಬಲೆಯಲ್ಲಿ ಅಂಟಿನ ಹನಿಗಳು ಕಾಣುವುದಿಲ್ಲ, ನೀಲಿ ಛಾಯೆಯ ನವಿರಾದ ನೊರೆನೂಲು ಕಾಣುತ್ತದೆ. ಹೊಟ್ಟೆಯಡಿಯ ಕ್ರಿಬೆಲ್ಲಮ್ ಎಂಬ ಫಲಕದ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಹೊರಡುವ ಎಳೆಗಳನ್ನು ಜೇಡವು ನಾಲ್ಕನೆಯ ಜೋಡಿ ಕಾಲಿನ ಗಡಸು ಕೂದಲ ಸಾಲಿನಿಂದ ಬಾಚಿ ಬಾಚಿ ಉಬ್ಬಿಸುತ್ತದೆ. ಕೀಟದ ಮೈಗೂದಲು ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

ಬಲೆಗೆ ಬಿದ್ದ ಕೀಟವನ್ನು ಜೇಡ ಸುತ್ತುವ ಪರಿಯಂತೂ ಭೀಕರ. ಫಿಲೊಪೊನೆಲ್ಲಾ ವಿಸಿನಾ ಎಂಬ ಪ್ರಭೇದವು ಒಂದೇ ಬೇಟೆಗೆ 140 ಮೀಟರಿನಷ್ಟು ನೂಲು ಬಳಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಬಿಗಿತಕ್ಕೆ ಕೀಟದ ಕಾಲುಗಳು ಮುರಿದು ಕಣ್ಣುಗಳು ಒಳಕ್ಕೆ ಕುಸಿಯುತ್ತವೆ. ಅನಂತರ ಜೇಡವು ಇಡೀ ಪೊಟ್ಟಣದ ಮೇಲೆ ಜೀರ್ಣರಸ ಸುರಿಸಿ, ಕರಗಿದ್ದನ್ನು ಹೀರುತ್ತದೆ. ಹಸಿರುಮನೆಗಳಲ್ಲಿ ಬಿಳಿನೊಣಗಳನ್ನು ತಿಂದು ಉಪಕಾರ ಮಾಡುವ ಪ್ರಭೇದವೂ ಈ ಕುಟುಂಬದಲ್ಲಿದೆ. ಇಂತಹ ಜೀವಿಯನ್ನು ತೋರಿಸಿ, ಮಕ್ಕಳಿರುವ ಮನೆಯೆಂದು ಹೆದರಿಸಿ ಸಿಂಪಡಣೆಗೆ ಹಣ ಕೀಳುವವರನ್ನು ಬಾಗಿಲಲ್ಲೇ ತಡೆಯಿರಿ. ಜೇಡ ಅಲ್ಲಿರುವುದು ಇಷ್ಟವಿಲ್ಲದಿದ್ದರೆ ಲೋಟ ಮುಚ್ಚಿ, ಅಡಿಯಲ್ಲಿ ಕಾಗದ ತೂರಿಸಿ ಹೊರಗೆ ಬಿಟ್ಟರಾಯಿತು.

ಪ್ರಶ್ನೆ: ಗಾಯಕ್ಕೆ ಜೇಡರ ಬಲೆ ಹಚ್ಚಬಹುದೆ?

ಉತ್ತರ: ಧೂಳು ಹಿಡಿದ ಬಲೆಯನ್ನು ಗಾಯದ ಹತ್ತಿರವೂ ತರಬೇಡಿ.

ಪ್ರಶ್ನೆ: ಉದ್ದಕಾಲಿನ ಮನೆಜೇಡವೇ ಅತ್ಯಂತ ವಿಷಕಾರಿಯಂತೆ, ಹೌದೆ?

ಉತ್ತರ: ಶುದ್ಧ ಸುಳ್ಳು.

ಪ್ರಶ್ನೆ: ಜೇಡದ ಮೂತ್ರ ತಾಗಿ ಸೊಂಟದ ಒಂದು ಪಕ್ಕದಲ್ಲಿ ಗುಳ್ಳೆಗಳೆದ್ದಿವೆ. ಲೇಪ ಹಾಕುವವರ ಬಳಿ ಹೋಗಲೆ?

ಉತ್ತರ: ಯಾವ ಜೇಡದ ವಿಸರ್ಜನೆಯಿಂದಲೂ ಹೀಗಾಗುವುದಿಲ್ಲ. ಒಂದೇ ಪಕ್ಕದಲ್ಲಿ ಉರಿಯೊಡನೆ ಸಾಲಾಗಿ ಏಳುವ ಗುಳ್ಳೆಗಳು ಸರ್ಪಸುತ್ತು ಆಗಿರಬಹುದು. ಅದಕ್ಕೆ ಕೊಡುವ ವೈರಾಣು ನಿರೋಧಕ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಒಳಿತು. ಆದ್ದರಿಂದ ಮುಂದಿನ ಸಂಚಿಕೆಯ ಉತ್ತರಕ್ಕೆ ಕಾಯದೆ ಇಂದೇ ವೈದ್ಯರಿಗೆ ತೋರಿಸಿ.